ಕಾಗೆ ಮುಟ್ಟಿದ ದಿನ ಹಾಡಿದ ಹಾಡು

ಹಾಡುವುದಕ್ಕೆ ಇಷ್ಟು ಹೆದರುವವಳು ಗಾಯಕಿ ಯಾಕಾದೆ ಎಂದು ಯಾರಾದರೂ ಕೇಳಿದರೆ, ನಾನಾಗಿ ಆಗಲಿಲ್ಲ, ಮಾಡಿದರು ಎಂದೇ ಹೇಳುತ್ತೇನೆ. ಆಗ ನನಗೆ ಹದಿನಾರು ತುಂಬಿತ್ತು. ಸಂಜೆಯ ಒಂದು ಸೀರಿಯಲ್ಲಿನಲ್ಲಿ ನಾಯಕಿಯ ತಂಗಿಯಾಗಿ ಬಹಳ ದಿನಗಳಿಂದ ಅಳುತ್ತಿದ್ದೆ. ಚಂದಕವಾಡಿಯ ನಮ್ಮ ಬೀದಿಯಲ್ಲಿ ನಡೆದುಹೋದರೆ ಹೆಂಗಸರು ಬಾಗಿಲಿಗೆ ಬಂದು, "ಇನ್ನೂ ಎಷ್ಟ್ ದಿನ ಅಳಿಸ್ತರಮ್ಮಿ ನಿನ್ನ?" ಎಂದು ಕೇಳುತ್ತಿದ್ದರು. ಅಳುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ. ಸರಿಬರದಿದ್ದರೆ ಇನ್ನೊಂದು ಟೇಕ್ ಇರುತ್ತಿತ್ತು. ಹೀಗಿರುವಾಗ ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಯವರಿಗೆ, ಈ ಹುಡುಗಿಗೆ ಮಿಣಮಿಣ ಮಿನುಗುವ ಜಾಕೆಟ್ ತೊಡಿಸಿ ಪಾಪ್ ಹಾಡು ಹಾಡಿಸಿದರೆ ಕಾಲೇಜು ಮಕ್ಕಳು ಮುಗಿಬೀಳುತ್ತಾರೆ ಎಂದು ಹೊಳೆಯಿತು. ಸ್ಟುಡಿಯೋದಲ್ಲಿ ಒಂದೊಂದೇ ಸಾಲು ಹಾಡಿಸಿ, ಕಂಪ್ಯೂಟರಿನಲ್ಲಿ ತಿದ್ದಿ ತೀಡಿದರು. ಕೊನೆಗೆ ಕೇಳಿಸಿದಾಗ ಅದು ನನ್ನದೇ ಗಂಟಲು ಎಂದು ನಂಬುವುದು ನನಗೇ ಕಷ್ಟವಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಂಪನಿಯ ಮ್ಯಾನೇಜರ್ ಹಾಡಿನ ಬಿಡುಗಡೆಯನ್ನು ಗುಂಡ್ಲುಪೇಟೆಯ ಕಾಲೇಜು ಮೈದಾನದಲ್ಲಿ ಇಟ್ಟುಕೊಂಡರು. ನಮ್ಮ ಜಿಲ್ಲೆಯ ಹುಡುಗಿ, ನಮ್ಮ ಜನರೆದುರೇ ಹಾಡಲಿ ಎಂಬ ಲೆಕ್ಕಾಚಾರ. ಹಿಂದಿನಿಂದ ಬರಿ ವಾದ್ಯ ಬರುತ್ತದೆ, ದನಿ ಮಾತ್ರ ನಿಂತ ಜಾಗದಲ್ಲಿ ನನ್ನ ಬಾಯಿಂದಲೇ ಬರಬೇಕು. ಈ ವಿಷಯ ತಿಳಿದಾಗಿನಿಂದ ನನಗೆ ಊಟ ಸೇರಲಿಲ್ಲ. ಬಾಯಿ ತೆರೆದರೆ ದನಿಯೇ ಬರದಿದ್ದರೆ? ಸಾವಿರ ಜನ ನೋಡುತ್ತಿರುವಾಗ ಗಂಟಲು ಕಟ್ಟಿಕೊಂಡರೆ? ಈ ಒಂದು ಯೋಚನೆ ಬಂದರೆ ಅಂಗೈ ಬೆವರುತ್ತಿತ್ತು. ಅವ್ವನಿಗೆ ಹೇಳಿದೆ. "ಟೀವೀಲಿ ಅಷ್ಟೊಂದ್ ಮಾತಾಡ್ತೀಯ, ಇದೇನ್ ಮಹಾ" ಎಂದು ಅವಳು ಬೆಣ್ಣೆ ಕಾಯಿಸುವುದಕ್ಕೆ ಹೋದಳು.

ಕಾರ್ಯಕ್ರಮದ ದಿನ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹಿತ್ತಿಲಿನಲ್ಲಿ ಕೂದಲು ಒಣಗಿಸಿಕೊಳ್ಳುತ್ತಾ ಹಾಡಿನ ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ಎಲ್ಲಿತ್ತೋ ಏನೋ, ಒಂದು ಕಾಗೆ ಹಾರಿಬಂದು ನನ್ನ ನೆತ್ತಿಯನ್ನು ಕಾಲಿನಿಂದ ಪರಚಿ ಹೋಯಿತು. ನಾನು ಕಿರುಚಿದೆ. ಹಿತ್ತಿಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ನನ್ನ ಅಪ್ಪನ ತಾಯಿ, ಮೊರ ಅಲ್ಲೇ ಬಿಟ್ಟು ಎದ್ದು ನಿಂತಳು. ಅವಳ ಮುಖ ನೋಡಿ ನನಗೆ ಕಾಗೆಗಿಂತ ಹೆಚ್ಚು ಭಯವಾಯಿತು.

ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಪರಿಹಾರವೂ ನಮ್ಮಲ್ಲೇ ಇದೆ. ಕಾಗೆ ಮುಟ್ಟಿಸಿಕೊಂಡವರು ಸತ್ತೇಹೋದರೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಕಣ್ಣೀರು ಹಾಕಿದರೆ ದೋಷ ಕಳೆಯಿತು. ಕಣ್ಣೀರು ಬಿದ್ದ ಕೂಡಲೇ ಸುದ್ದಿ ತಂದವನು ಇದು ಸುಳ್ಳು, ಕಾಗೆ ಮುಟ್ಟಿತ್ತು ಅಷ್ಟೆ ಎಂದು ಹೇಳಿಬಿಡಬೇಕು. ಹಿಂದೆಲ್ಲ ಇದಕ್ಕೆಂದು ಆಳನ್ನೇ ಕಳಿಸುತ್ತಿದ್ದರಂತೆ. ಅವನು ಎದುರಿಗೆ ನಿಂತು ಅಳು ನೋಡಿ, ಸತ್ಯ ಹೇಳಿ, ಬೈಸಿಕೊಂಡು, ಊಟ ಮಾಡಿ ವಾಪಸು ಬರುತ್ತಿದ್ದ. ನಮ್ಮಜ್ಜಿ ಪಕ್ಕದ ಮನೆಯ ಆಟೋದವನ ಕೈಯಲ್ಲಿ ಫೋನ್ ಮಾಡಿಸಿದಳು. ಮಾಡಿಸಿದ್ದು ಗುಂಡ್ಲುಪೇಟೆಯಾಚೆ ಮದ್ದೂರಿನಲ್ಲಿರುವ ದೊಡ್ಡವ್ವನಿಗೆ, ಅಂದರೆ ನನ್ನ ಅವ್ವನ ಅಕ್ಕನಿಗೆ.

ಅಜ್ಜಿಯ ಆಯ್ಕೆ ತಪ್ಪೆಂದು ಹೇಳಲಾರೆ. ನನಗಾಗಿ ನಿಜವಾಗಿ ಅಳುವವರು ಯಾರೆಂದು ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ದೊಡ್ಡವ್ವನನ್ನೇ ತೋರಿಸುತ್ತಾರೆ. ಅವ್ವ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಾನು ಬೆಳೆದದ್ದು ದೊಡ್ಡವ್ವನ ಮಡಿಲಿನಲ್ಲಿ. ಅವಳಿಗೆ ಮಕ್ಕಳಿಲ್ಲ. ಅರಿಸಿನದ ಹೊಲದಲ್ಲಿ ಕಳೆ ಕೀಳುತ್ತಾ ಅವಳು ಹಾಡಿದರೆ ಬದಿಯ ಹೊಲದವರು ಕೈ ನಿಲ್ಲಿಸುತ್ತಿದ್ದರು. ಮದುವೆಯಲ್ಲಿ ಸೋಬಾನೆ ಹಾಡುವುದಕ್ಕೂ ಅವಳೇ, ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದಕ್ಕೂ ಅವಳೇ.

ಅಜ್ಜಿ ಇದನ್ನೆಲ್ಲ ನಮಗೆ ಹೇಳಲಿಲ್ಲ. ಅವ್ವ, ಅಜ್ಜಿ, ನಾನು ಹತ್ತಿದ ಕಂಪನಿಯ ಕಾರು ಚಾಮರಾಜನಗರ ದಾಟಿ ತೆರಕಣಾಂಬಿಯ ದಾರಿ ಹಿಡಿದಾಗ ನನ್ನ ಫೋನ್ ಹೊಡೆದುಕೊಳ್ಳಲು ಶುರುಮಾಡಿತು. ಎತ್ತಿದರೆ ಸೀರಿಯಲ್ಲಿನ ಮೇಕಪ್ ಅಕ್ಕ. ಗದ್ಗದ ದನಿಯಲ್ಲಿ, "ಯಾರಮ್ಮಾ ಮಾತಾಡ್ತಿರೋದು, ಮನೆಯವರಾ?" ಎಂದಳು. "ಅಕ್ಕಾ, ನಾನೇ" ಎಂದೆ. ಅತ್ತ ಕಡೆ ಕಿಟಾರನೆ ಕಿರುಚಿ ಫೋನ್ ಇಟ್ಟುಬಿಟ್ಟಳು. ಅದರ ಬೆನ್ನಿಗೇ ಬಂದ ಮೆಸೇಜಿನಲ್ಲಿ ನನ್ನದೇ ಫೋಟೋ ಇತ್ತು. ನಗುತ್ತಿದ್ದೆ. ಕೆಳಗೆ ಉರಿಯುವ ದೀಪದ ಚಿತ್ರ, 'ಓಂ ಶಾಂತಿ' ಎಂಬ ಬರಹ. ನಾನು ನನ್ನ ಮೊಣಕೈಯನ್ನು ನಾನೇ ಮುಟ್ಟಿ ನೋಡಿಕೊಂಡೆ.

ಅವ್ವ ಹಿಂದೆ ತಿರುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕಿಟಕಿಯ ಆಚೆ ಚೆಂಡುಹೂವಿನ ಹೊಲ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆಯೇ ಹೇಳಿದಳು.

"ಕಾಗೆ ಮುಟ್ತು ಕಣಮ್ಮಿ. ನಿಮ್ಮಕ್ಕುಂಗೆ ಯೋಳ್ಸುದಿ. ಅತ್ತಳಂತೆ. ದೋಸ ಓಯ್ತು, ಸುಮ್ಕಿರು."

"ಸುಳ್ಳು ಅಂತ ಯೋಳುದ್ರಾ?" ಎಂದಳು ಅವ್ವ.

ಅಜ್ಜಿಗೆ ಅದು ಗೊತ್ತಿರಲಿಲ್ಲ. ಅವ್ವ ಆಟೋದವನಿಗೆ ಫೋನ್ ಮಾಡಿದಳು. ಅವನು ಪ್ರಾಮಾಣಿಕವಾಗಿಯೇ ಹೇಳಿದ: "ಉಡ್ಗಿ ಓಗ್ಬುಟ್ಳು ಅಂದಿ ಕಣಕ್ಕಾ, ಕಿರುಚ್ಕಂಡ್ರು, ಲೈನ್ ಕಟ್ಟಾಯ್ತು. ತಿರ್ಗಾ ಮಾಡುದ್ರೆ ಸ್ವಿಚ್ಚಾಫ್. ಬಾಡಿಗೆ ಬಂತು, ಒಂಟೋದಿ." ದೊಡ್ಡವ್ವನ ಫೋನ್ ಕೈಯಿಂದ ಬಿದ್ದು ಒಡೆದಿತ್ತು ಎಂದು ಆಮೇಲೆ ತಿಳಿಯಿತು. ದೊಡ್ಡಪ್ಪ ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗಿದ್ದರು. ಅವಳು ಅಳುತ್ತಾ ರಸ್ತೆಗೆ ಓಡಿದ್ದನ್ನು ಕಂಡ ಪಕ್ಕದವರು ಯಾರೋ ನನ್ನ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಮಧ್ಯಾಹ್ನದೊಳಗೆ ಎರಡು ತಾಲ್ಲೂಕಿನ ಫೋನುಗಳಲ್ಲಿ ನಾನು ಸತ್ತಿದ್ದೆ.

ದೊಡ್ಡವ್ವನಿಗೆ ಬಿ.ಪಿ. ಇತ್ತು. ಅವ್ವ ಮತ್ತೆ ಮತ್ತೆ ಅದೇ ನಂಬರ್ ಒತ್ತುತ್ತಿದ್ದಳು. ಹಾಡಿನ ಹೆದರಿಕೆಯ ಮೇಲೆ ಇದೊಂದು ಹೆದರಿಕೆ ಬಂದು ಕೂತಿತು. ನನಗಾಗಿ ಅಳುತ್ತಾ ಅವಳೇ ಎಲ್ಲಾದರೂ ಕುಸಿದು ಬಿದ್ದರೆ? ಕಾರು ನಿಲ್ಲಿಸಿ, ಮದ್ದೂರಿಗೆ ಹೋಗೋಣ ಎಂದೆ. "ಅವ್ಳು ಅಲ್ಲಿರಕಿಲ್ಲ. ಎಣ ನೋಡಕೆ ನಮ್ಮೂರ್ಗೆ ಒಂಟಿರ್ತಾಳೆ. ಬಸ್ಸು ಬದಲಾಯ್ಸಕೆ ಗುಂಡ್ಲುಪೇಟೇಲೇ ಇಳೀಬೇಕು" ಎಂದಳು ಅವ್ವ. ದೊಡ್ಡವ್ವ ನೋಡಲು ಹೊರಟ ಆ ಹೆಣ ನಾನು. ಅದನ್ನು ಅವ್ವ ಅಷ್ಟು ಸಲೀಸಾಗಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಗುಂಡ್ಲುಪೇಟೆ ಮೈದಾನದ ಬಾಗಿಲಲ್ಲಿ ನನ್ನ ದೊಡ್ಡ ಬ್ಯಾನರ್ ಕಟ್ಟಿದ್ದರು. ಅದಕ್ಕೆ ಯಾರೋ ಚೆಂಡುಹೂವಿನ ಹಾರ ಹಾಕಿದ್ದರು. ಸ್ವಾಗತಕ್ಕೋ ಸಾವಿಗೋ ಕೇಳುವ ಧೈರ್ಯ ನನಗಾಗಲಿಲ್ಲ. ಮ್ಯಾನೇಜರ್ ಮಾತ್ರ ಮದುಮಗನಂತೆ ಓಡಾಡುತ್ತಿದ್ದರು. "ಸೂಪರ್ ಆಯ್ತಮ್ಮಾ! ಯಾರಿಗೂ ಏನೂ ಹೇಳ್ಬೇಡಿ. ಸತ್ತಿದ್ದಾಳೋ ಬದುಕಿದ್ದಾಳೋ ನೋಡೋಣ ಅಂತಾನೇ ಜನ ಬರ್ತಾರೆ" ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವ್ವ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮ್ಮನೇಲಿ ಎಣ್ಮಕ್ಳಿಲ್ವಾ ಸಾರ್?" ಎಂದು ಕೇಳಿ, ದೊಡ್ಡವ್ವನನ್ನು ಹುಡುಕಲು ಬಸ್ ಸ್ಟ್ಯಾಂಡಿಗೆ ಹೋದಳು. ನನಗೆ ಅವಳ ಹಿಂದೆಯೇ ಓಡಬೇಕೆನಿಸಿತು. ಆದರೆ ಅಷ್ಟರಲ್ಲಿ ಮುಖಕ್ಕೆ ಬಣ್ಣ ಬಳಿಯತೊಡಗಿದ್ದರು.

ವೇದಿಕೆಯ ಹಿಂದೆ ಕುರ್ಚಿ ಜೋಡಿಸುತ್ತಿದ್ದ ಹೆಂಗಸೊಬ್ಬಳು ಫೋನಿನಲ್ಲಿ ಏನೋ ಕೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ದನಿ ನನಗೆ ಗೊತ್ತಿತ್ತು. ಕೂತಲ್ಲಿಂದಲೇ ಅವಳ ಫೋನಿನೊಳಗೆ ಇಣುಕಿದೆ. ಸುಲ್ತಾನ್ ಬತ್ತೇರಿಯಿಂದ ಮದ್ದೂರಿನ ಮೇಲೆ ಬರುವ ಕೇರಳದ ಬಸ್ಸಿನೊಳಗೆ, ಕಂಬಿ ಹಿಡಿದು ನೆಲದ ಮೇಲೆ ಕೂತು, ದೊಡ್ಡವ್ವ ನನ್ನನ್ನು ಹಾಡಿಕೊಂಡು ಅಳುತ್ತಿದ್ದಳು. ಭಾಷೆ ತಿಳಿಯದ ಮಲಯಾಳಿಗಳು ಸುತ್ತ ಸುಮ್ಮನೆ ನಿಂತಿದ್ದರು. ಅವರಲ್ಲೇ ಯಾರೋ ವಿಡಿಯೋ ಮಾಡಿದ್ದರು.

"ಏಳ್ ವರ್ಸ ಆಸ್ಗೆ ಒದ್ದೆ ಮಾಡ್ದೋಳೇ, ನನ್ ಸೀರೆ ಸೆರಗ ಬುಡದೋಳೇ... ಟೀವೀಲಿ ಕಂಡ್ರೂ ಸಾಕು ಅಂತಿದ್ದಲ್ಲೇ ನಾನು... ಇನ್ ಟೀವೀಲ್ ಮಾತ್ರ ಕಾಣ್ತೀಯಲ್ಲೇ ನನ್ ಕಂದಾ..."

ಹಾಸಿಗೆಯ ವಿಷಯ ಊರಿಗೆಲ್ಲ ಗೊತ್ತಾಯಿತಲ್ಲ ಎಂದು ಮೊದಲು ನಾಚಿಕೆಯಾದದ್ದು ನಿಜ. ಆದರೆ ಆಮೇಲೆ ಬಂದ ಭಯವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ನನ್ನ ಸಾವಿಗೆ ಅಳುವ ದನಿಯನ್ನು ನಾನೇ ಕೂತು ಕೇಳುತ್ತಿದ್ದೆ. ಬದುಕಿರುವವರು ಕೇಳುವ ಹಾಡಲ್ಲ ಅದು. ಆ ಹೆಂಗಸು ತಲೆಯೆತ್ತಿ ನನ್ನನ್ನು ಕಂಡು, ಕುರ್ಚಿ ಬಿಟ್ಟು ಹೊರಗೆ ಓಡಿದಳು.

ನನ್ನ ಹೆಸರು ಕೂಗಿದರು. ವೇದಿಕೆಗೆ ಹೋದೆ. ಮೈದಾನ ತುಂಬಿತ್ತು, ಆದರೆ ಶಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ. ಎಲ್ಲರೂ ಫೋನ್ ಎತ್ತಿ ಹಿಡಿದು ಪಿಳಿಪಿಳಿ ನೋಡುತ್ತಿದ್ದರು. ವಾದ್ಯ ಶುರುವಾಯಿತು. ನನ್ನ ಸಾಲು ಬರಬೇಕಾದ ಜಾಗ ಬಂದು ಹೋಯಿತು. ಬಾಯಿ ತೆರೆದಿದ್ದೆ, ದನಿ ಬರಲಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿದ್ದೆನೋ ಅದೇ ಆಗುತ್ತಿತ್ತು. ಪಕ್ಕದಲ್ಲಿ ಮ್ಯಾನೇಜರ್ ಕೈ ಬೀಸಿ, ಮೊದಲಿಂದ ಹಾಕಿಸಿದರು. ಎರಡನೆಯ ಸಲವೂ ಬರಲಿಲ್ಲ. ಇವರ ಮಟ್ಟಿಗೆ ನಾನು ಸತ್ತೇ ಇದ್ದೇನೆ, ಹಾಗೆಯೇ ಇದ್ದುಬಿಟ್ಟರೆ ಒಳ್ಳೆಯದು ಅನ್ನಿಸಿತು.

ಆಗ ಜನರ ನಡುವೆ ದಾರಿಬಿಟ್ಟಂತಾಯಿತು. ದೊಡ್ಡವ್ವ ಬರುತ್ತಿದ್ದಳು, ಹಿಂದೆ ಅವ್ವ. ಬಸ್ ಸ್ಟ್ಯಾಂಡಿನಲ್ಲಿ ಅವ್ವ ಎಷ್ಟು ಆಣೆಯಿಟ್ಟು ಹೇಳಿದರೂ ಅವಳು ನಂಬಿರಲಿಲ್ಲ. ತಂಗಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡೇ ಜೊತೆಗೆ ಹೊರಟಿದ್ದಳು. ಬಾಗಿಲಲ್ಲಿ ಹಾರ ಹಾಕಿದ ಫೋಟೋವನ್ನೂ ನೋಡಿಕೊಂಡೇ ಬಂದಿದ್ದಳು. ಕೆದರಿದ ತಲೆಯಲ್ಲಿ ವೇದಿಕೆಯ ಅಂಚಿಗೆ ಬಂದು ನಿಂತು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಕಂಪನಿಯವರು ಕೊಡಿಸಿದ ದಪ್ಪ ಬಿಳಿ ಬೂಟು.

"ಕಾಲ್ ತೋರ್ಸು" ಎಂದಳು.

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ನನಗೆ ಹೇಳಿಕೊಟ್ಟವಳೇ ಅವಳು. ಅಷ್ಟು ಜನರೆದುರು ಮೈಕ್ ಕೆಳಗಿಟ್ಟು, ಒಂದು ಬೂಟು ಬಿಚ್ಚಿ, ಬರಿಗಾಲು ಮುಂದೆ ಚಾಚಿದೆ. ಅವಳು ಹಿಮ್ಮಡಿ ಮುಟ್ಟಿದಳು, ಬೆರಳು ಎಳೆದು ನೋಡಿದಳು. ಆಮೇಲೆ ನನ್ನ ಮೀನಖಂಡಕ್ಕೆ ಪಟಾರನೆ ಬಾರಿಸಿದಳು. ಕೆಳಗಿಟ್ಟ ಮೈಕಿನಲ್ಲಿ ಆ ಏಟು ಮೈದಾನಕ್ಕೆಲ್ಲ ಕೇಳಿಸಿತು. ನಾನು "ಅಯ್ಯೋ ದೊಡ್ಡವ್ವಾ!" ಎಂದು ಕೂಗಿದೆ. ನನಗೆ ದನಿ ಬಂದದ್ದೇ ಆಗ.

ಹಾಡಿದೆ. ಹೇಗೆ ಹಾಡಿದೆ ಎಂದು ಕೇಳಬೇಡಿ. ದೊಡ್ಡವ್ವ ವೇದಿಕೆಯ ಅಂಚಿನಲ್ಲಿ ಕೂತು ನನ್ನ ಬರಿಗಾಲಿನ ಗಿಣ್ಣನ್ನು ಹಿಡಿದುಕೊಂಡಿದ್ದಳು, ಹಾಡು ಮುಗಿಯುವವರೆಗೆ ಬಿಡಲಿಲ್ಲ. ಕಲಿತ ಸ್ಟೆಪ್ ಒಂದನ್ನೂ ಹಾಕಲಾಗಲಿಲ್ಲ. ಶ್ರುತಿ ಎರಡು ಕಡೆ ತಪ್ಪಿತು. ಜನ ಚಪ್ಪಾಳೆ ಹೊಡೆದದ್ದು ಹಾಡಿಗಲ್ಲ, ನಾನು ಬದುಕಿದ್ದಕ್ಕೆ.

ರಾತ್ರಿ ದೊಡ್ಡವ್ವ ನಮ್ಮ ಜೊತೆ ಚಂದಕವಾಡಿಗೆ ಬಂದಳು. ಅಜ್ಜಿಯೊಡನೆ ಮಾತಾಡಲಿಲ್ಲ. ಬೆಳಿಗ್ಗೆ ನನ್ನ ತಲೆ ಬಾಚುತ್ತಾ, ಕಾಗೆ ಪರಚಿದ ಜಾಗಕ್ಕೆ ಎಣ್ಣೆ ಹಚ್ಚಿ ಹೇಳಿದಳು:

"ನಿನ್ಗೆ ಅಂತ ಇದ್ದ ಅಳೂನೆಲ್ಲ ಅತ್ಬುಟ್ಟೆ ಕಣಮ್ಮಿ. ಇನ್ನೊಂದ್ಸಲ ನನ್ ಕೈಲಾಗಕಿಲ್ಲ. ಇನ್ ಸರದಿ ನಿಂದು. ನಾನ್ ಸತ್ತಾಗ ನೀನೇ ಅಂಗೆ ಪದ ಆಡ್ಕಂಡು ಅಳ್ಬೇಕು. ಕಲ್ತ್ಕೋ."

ಆಮೇಲೆ ಹಲವು ವೇದಿಕೆ ಹತ್ತಿದ್ದೇನೆ. ಅಂಗೈ ಈಗಲೂ ಬೆವರುತ್ತದೆ, ಆದರೆ ದನಿ ಬರುತ್ತದೆ. ದೊಡ್ಡವ್ವನಿಗೆ ಈಗ ಮೊದಲಿನ ಕಸುವಿಲ್ಲ, ಎರಡು ಸಲ ಆಸ್ಪತ್ರೆ ಸೇರಿ ಬಂದಳು. ಮದ್ದೂರಿನ ನಂಬರಿನಿಂದ ಫೋನ್ ಬಂದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತೇನೆ. ಎತ್ತಿದರೆ ಅವಳೇ ಇರುತ್ತಾಳೆ. ಊಟ ಆಯಿತಾ ಎಂದು ಕೇಳಿ, "ಕಲ್ತ್ಯಾ?" ಅನ್ನುತ್ತಾಳೆ. "ಇನ್ನೂ ಇಲ್ಲ ದೊಡ್ಡವ್ವಾ" ಅನ್ನುತ್ತೇನೆ. ಕಲಿಯುವುದಿಲ್ಲ. ನಾನು ಕಲಿಯುವವರೆಗೆ ಅವಳು ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿಕೊಂಡಿದ್ದೇನೆ.