ಗಾಳಿ ಸೋಕಬಾರದೆಂದು

ಮನೆ ಬಾಡಿಗೆಗೆ ಕೊಡುವ ವಿಷಯದಲ್ಲಿ ನನ್ನಷ್ಟು ಹುಷಾರಾದವರು ನಮ್ಮ ಬೀದಿಯಲ್ಲಿ ಇರಲಿಲ್ಲ. ತುಮಕೂರಿನ ನಮ್ಮ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಿದಂದಿನಿಂದ ಹನ್ನೊಂದು ತಿಂಗಳ ಕರಾರು, ಆಧಾರ್ ನಕಲು, ಠಾಣೆಗೆ ಕೊಟ್ಟ ಮಾಹಿತಿ, ಎಲ್ಲವೂ ಒಂದು ಫೈಲಿನಲ್ಲಿದ್ದವು. ಬಾಡಿಗೆದಾರರು ತಂದು ಹಾಕಿಕೊಳ್ಳುವ ಯಾವುದೇ ಉಪಕರಣಕ್ಕೆ ಅವರೇ ಜವಾಬ್ದಾರರು ಎಂಬ ಸಾಲನ್ನು ನಾನೇ ಸೇರಿಸಿದ್ದೆ. ಅವರಿಂದ ಮನೆಗೆ ಏನಾದೀತು ಎಂದು ಯೋಚಿಸಿದ್ದೆನೇ ಹೊರತು, ಮನೆಯಿಂದ ಅವರಿಗೆ ಏನಾದೀತು ಎಂದಲ್ಲ.

ಮೇಲಿನ ಮನೆಗೆ ಬಂದವರು ಗಂಡ ಹೆಂಡತಿ ಇಬ್ಬರೇ. ಗಂಡ ಊರಂಚಿನ ಸತ್ಯಮಂಗಲದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಹೆಂಡತಿ ಕುಣಿಗಲ್ ಕಡೆಯವರು, ದೊಡ್ಡ ಗಂಟಲಿನ, ನಗುಮುಖದ ಹೆಂಗಸು. ಗುಬ್ಬಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಗೆ ಬಂದಳು. ಬಾಣಂತಿಗೆ ದಿನವೂ ಸುಡುಸುಡುವ ನೀರು ಎರೆಯಬೇಕೆಂದು ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದರು. ಮಗಳು ಆಸ್ಪತ್ರೆಯಿಂದ ಬಂದ ಮರುದಿನ ತಾಯಿ ಕೆಳಗಿಳಿದು ಬಂದರು.

“ಅಣ್ಣ, ಬಚ್ಲು ವೆಂಟಿಲೇಟರಿಂದ ಗಾಳಿ ಒಂದೇ ಸಮ ಬತ್ತದೆ. ಬಾಣಂತಿಗೆ ಗಾಳಿ ಸೋಕ್ಬಾರ್ದು. ಏನಾದ್ರೂ ಅಡ್ಡ ಹೊಡ್ಕೊಡಿ.”

ಉಳಿದಿದ್ದ ಪ್ಲೈವುಡ್ ತುಂಡು ಹಿಡಿದು ಸ್ಟೂಲ್ ಹತ್ತಿದೆ. ಎರಡು ಮೊಳೆ ಸೊಟ್ಟಗಾದವು.

“ಏನಣ್ಣ, ಬಿಕಾಂ ಓದಿದೀರ, ಒಂದ್ ಮೊಳೆ ಹೊಡ್ಯಕ್ ಬರಲ್ವಾ?” ಆಕೆ ಕಿಚಾಯಿಸಿದರು.

ರೂಮಿನಿಂದ ಮಗಳು, “ಸುಮ್ನಿರಮ್ಮ, ಅಂಕಲ್ ಬೇಜಾರ್ ಮಾಡ್ಕೋತಾರೆ,” ಎಂದಳು.

“ಮಾಡ್ಕಂಡ್ರೆ ಮಾಡ್ಕಳ್ಳಿ ಬುಡು. ಒಂದ್ ಅಂಟಿನುಂಡೆ ಕೊಟ್ರೆ ಸರಿಹೋಯ್ತಾರೆ.”

ಕೊಟ್ಟರು ಕೂಡ. ಎರಡು.

ಹದಿನೈದನೆಯ ದಿನವೋ ಏನೋ, ಬೆಳಿಗ್ಗೆ ಹತ್ತರ ಹೊತ್ತಿಗೆ ಮೇಲೆ ಮಗು ಅಳತೊಡಗಿತು. ಅಳುತ್ತಲೇ ಇತ್ತು. ಅದರ ತಾತ ಕೆಲಸಕ್ಕೆ ಹೋಗಿದ್ದರು. “ನೀರೆರೀತಿರ್ಬೇಕು,” ಎಂದಳು ನನ್ನ ಹೆಂಡತಿ. ಬಾಣಂತಿಯಿರುವ ಮನೆಗೆ ಗಂಡಸು ನುಗ್ಗುವುದು ಹೇಗೆಂದು ನಾನು ಮೆಟ್ಟಿಲ ಬುಡದಲ್ಲೇ ನಿಂತೆ. ನಿಂತ ಆ ಹೊತ್ತನ್ನು ಈಗಲೂ ಅಳೆಯುತ್ತಿರುತ್ತೇನೆ. ಒಮ್ಮೆ ಎರಡು ನಿಮಿಷವೆನ್ನಿಸುತ್ತದೆ, ಒಮ್ಮೆ ಹತ್ತು. ಕೊನೆಗೆ ಹೆಂಡತಿ ಹತ್ತಿ ಹೋದಳು. ಬಚ್ಚಲ ಬಾಗಿಲು ಬಡಿಯುವ ಸದ್ದು ಕೇಳಿತು, ಆಮೇಲೆ, “ರೀ, ಬನ್ರೀ!”

ಒದ್ದು ಚಿಲಕ ಕಿತ್ತೆ. ಬಾಗಿಲ ಸಂದಿಗೂ ಒಳಗಿನಿಂದ ಬಟ್ಟೆ ತುರುಕಿದ್ದರು. ಗೀಸರ್ ಉರಿಯುತ್ತಲೇ ಇತ್ತು, ಬಕೆಟ್ ತುಂಬಿ ನೀರು ಹರಿಯುತ್ತಿತ್ತು. ಮಗಳು ಮಣೆಯ ಮೇಲೆ ಗೋಡೆಗೆ ಒರಗಿ ಕುಸಿದಿದ್ದಳು. ತಾಯಿ ಅವಳ ಹಿಂದೆ ಬಿದ್ದಿದ್ದರು, ಕೈಯಲ್ಲಿ ಚೊಂಬು ಹಾಗೇ ಇತ್ತು. ಹೆಂಡತಿ ಸಿಕ್ಕಿದ ಸೀರೆ ಹೊದಿಸಿದಳು. ಇಬ್ಬರನ್ನೂ ಹೊರಗೆಳೆದೆವು. ಮುಚ್ಚಿದ ಬಚ್ಚಲಲ್ಲಿ ಗೀಸರಿನ ವಿಷಗಾಳಿ ತುಂಬಿತ್ತು ಎಂದರು ಆಸ್ಪತ್ರೆಯಲ್ಲಿ. ಮಗಳು ಉಳಿದಳು. ತಾಯಿ ಉಳಿಯಲಿಲ್ಲ.

ಪೊಲೀಸರು ಬಂದಾಗ ಆಕೆಯ ಗಂಡ ಅಳುತ್ತಲೇ ಹೇಳಿದರು: “ನಾವೇ ಕೇಳ್ಕಂಡು ಮುಚ್ಚಿಸ್ಕಂಡಿದ್ದು ಸಾರ್. ಓನರ್ದೇನೂ ತಪ್ಪಿಲ್ಲ.”

ಮೊಳೆ ಹೊಡೆಯುವಾಗ ಗೀಸರಿನ ಮೇಲೆ ಅಂಟಿಸಿದ್ದ ಚೀಟಿ ನನ್ನ ಕಣ್ಣಿಗೆ ಬಿದ್ದಿತ್ತು. ಗಾಳಿಯಾಡದ ಕಡೆ ಉರಿಸಬಾರದೆಂದು ಇಂಗ್ಲಿಷಿನಲ್ಲಿತ್ತು. ಓದಿದ್ದೆ. ಬಾಣಂತನ ಮುಗಿಯುವವರೆಗೆ ತಾನೇ, ಏನಾದೀತು ಎಂದುಕೊಂಡು ಕೊನೆಯ ಮೊಳೆಯನ್ನೂ ಹೊಡೆದಿದ್ದೆ. ಅದನ್ನು ಪೊಲೀಸರಿಗೆ ಹೇಳಲಿಲ್ಲ. ವಕೀಲರಾದ ನನ್ನ ಭಾವನಿಗೆ ಮಾತ್ರ ಹೇಳಿದೆ. ಅವರು ಫೈಲ್ ತಿರುವಿ, “ಗೀಸರ್ ಅವ್ರದ್ದು. ಈ ಒಂದ್ ಸಾಲು ಸಾಕು. ಬಾಯಿ ಬಿಡ್ಬೇಡ ಕಣೋ,” ಎಂದರು.

ತಿಂಗಳು ಕಳೆದ ಮೇಲೆ, ಭಾವನಿಗೆ ತಿಳಿಸದೆ, ಗುಬ್ಬಿಯ ಬಸ್ ಹತ್ತಿದೆ. ಆ ಹುಡುಗಿ ಗಂಡನ ಮನೆಯ ಜಗಲಿಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂರದೆಯೇ ಎಲ್ಲ ಹೇಳಿಬಿಟ್ಟೆ. ಚೀಟಿ ಓದಿದ್ದು, ಓದಿದ ಮೇಲೂ ಮುಚ್ಚಿದ್ದು, ಆಮೇಲೆ ಸುಮ್ಮನಿದ್ದದ್ದು.

ಅವಳ ಕೈ ಮಗುವಿನ ಬೆನ್ನ ಮೇಲೆ ನಿಂತಿತು.

“ಅಮ್ಮಂಗೆ ಒಂದ್ ಮಾತ್ ಹೇಳ್ಬೋದಿತ್ತು ಅಂಕಲ್. ನೀವ್ ಹೇಳಿದ್ರೆ ಕೇಳೋರು.”

ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಒಳಗಿನಿಂದ ಅವಳ ಅತ್ತೆ, “ಯಾರಮ್ಮ ಬಂದಿರೋದು?” ಎಂದು ಕೇಳಿದರು.

“ತುಮಕೂರ್ ಮನೆ ಓನರ್ರು,” ಎಂದಳು. ಮಗುವನ್ನೆತ್ತಿಕೊಂಡು ಒಳಗೆ ಹೋದಳು.