ಪೀಪಾಯಿಯ ಸಂಪಿಗೆ

ನನ್ನ ಸಂಪಿಗೆ ಮರದ ಬೇರಿಗೆ ಗಂಗವ್ವ ಕುಡಗೋಲು ಹಾಕಿದ ದಿನ, ಎಂಥ ಕೊಲೆಗಡುಕಿಯ ಮನೆಗೆ ಬಾಡಿಗೆಗೆ ಬಂದೆನಪ್ಪಾ ಎಂದು ನಡುಗಿಹೋದೆ.

ಹದಿನೈದು ವರ್ಷದ ಮರ, ನೆಲ ಕಂಡದ್ದೇ ಇಲ್ಲ. ಅಪ್ಪ ಸ್ಟೇಷನ್ ಮಾಸ್ತರರು. ವರ್ಗವಾದಲ್ಲೆಲ್ಲ ಅಮ್ಮ ಅದನ್ನು ಪೀಪಾಯಿ ಸಮೇತ ಸಾಗಿಸುತ್ತಿದ್ದರು. ಕೊನೆಗೆ ಅಕ್ಕನಿಗೆ ಕೊಡದೆ ನನಗೆ ಕೊಟ್ಟರು. ಕನ್ನಡ ರಾಜ್ಯ ಒಂದಾದ ಮರುವರ್ಷ ನಮ್ಮೆಜಮಾನರಿಗೆ ಮೈಸೂರಿನಿಂದ ಬೈಲಹೊಂಗಲದ ಹೈಸ್ಕೂಲಿಗೆ ವರ್ಗವಾದಾಗ ಅದೂ ನಮ್ಮ ಜೊತೆ ಬಂತು.

ನಮ್ಮಲ್ಲಿ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ನಮ್ಮಲ್ಲಿ ಅನ್ನ ಸಾರು, ಇಲ್ಲಿ ಜೋಳದ ರೊಟ್ಟಿ. ಮೊದಲ ತಿಂಗಳು ನಾನು ತಟ್ಟಿದ್ದೆಲ್ಲ ಹರಿದೇ ಹೋಯಿತು. ನನ್ನನ್ನು 'ಬಾಯಾರ' ಎನ್ನುತ್ತಾರೆ, ನಮ್ಮ ಕಡೆ ಅಮ್ಮಾವ್ರೇ ಎಂದ ಹಾಗೆ. ಮಣ್ಣಂತೂ ಕಾಡಿಗೆ. ಇದರಲ್ಲಿ ಹತ್ತಿಯೇ ಹೀಗೆ ಬೆಳೆದರೆ ಸಂಪಿಗೆ ಬೆಳೆಯದೇ ಎಂದು, ಹಳೆಯ ಪೀಪಾಯಿ ಬಿರಿದಾಗ ದೊಡ್ಡದೊಂದಕ್ಕೆ ಬರೀ ಎರೆಮಣ್ಣು ತುಂಬಿ ನೆಟ್ಟೆ. ಮಳೆ ಬಿದ್ದದ್ದೇ ಮಣ್ಣು ಅಂಟಾಯಿತು, ನೀರು ಇಂಗಲಿಲ್ಲ. ಎಲೆ ಹಳದಿಯಾಗಿ ಉದುರತೊಡಗಿತು.

ಮನೆಯೊಡತಿ ಗಂಗವ್ವನಿಗೆ ಹತ್ತಿರದ ದೊಡವಾಡದಲ್ಲಿ ಹೊಲವಿತ್ತು. ಬಂದು ನೋಡಿದರು.

"ಬಾಯಾರ, ಬೇರಿಗೆ ಉಸಿರ ಕಟ್ಟೈತ್ರಿ. ನನ್ನ ಹಿತ್ತಲದಾಗ ನೆಲಕ್ಕ ಹಚ್ಚಿಬಿಡ್ರಿ."

"ಬೇಡ," ಎಂದೆ. ನೆಲಕ್ಕಿಳಿದರೆ ಮರ ಅವರದಾಗುತ್ತದೆ.

"ಹಂಗಾರ ಪೀಪಾಯಿ ಅಡ್ಡ ಕೆಡವ್ರಿ."

ಗಂಗವ್ವ, ನಾನು, ನಮ್ಮೆಜಮಾನರು ಮೂವರೂ ಸೇರಿ ಮರವನ್ನು ಹೊರಗೆಳೆದೆವು. ಬೇರು ಹಗ್ಗದ ಸಿಂಬಿಯಂತೆ ಸುತ್ತಿಕೊಂಡಿತ್ತು. ಗಂಗವ್ವ ಕೊಳೆತದ್ದನ್ನೂ ಸುತ್ತಿಕೊಂಡದ್ದನ್ನೂ ಕಡಿದು, ಮೇಲೆ ಕೊಂಬೆಗಳನ್ನೂ ಸವರಿದರು. ಪೀಪಾಯಿಯ ತಳಕ್ಕೆ ಒಡೆದ ಗಡಿಗೆಯ ಚೂರು ಹಾಕಿ, ಎರೆಮಣ್ಣಿಗೆ ಎರಡು ಪಾಲು ಗರಸು, ಅಂದರೆ ಕಲ್ಲು ಬೆರೆತ ಕೆಮ್ಮಣ್ಣು, ಮತ್ತು ಹಳೆಯ ತಿಪ್ಪೆಗೊಬ್ಬರ ಸೇರಿಸಿ ತುಂಬಿದರು.

ಮರುವರ್ಷ ಮೈತುಂಬ ಹೂ. ಅಮ್ಮನ ಕೈಯಲ್ಲಿ ನಾಲ್ಕೋ ಐದೋ ಬಿಡುತ್ತಿದ್ದ ಮರ! ಸಂತೋಷಪಡಬೇಕಿತ್ತು, ಹೊಟ್ಟೆ ಉರಿಯಿತು. ಗಂಗವ್ವ ಎಲೆ ನೇವರಿಸಿ ಅದರ ಜೊತೆ ಮಾತಾಡುವುದನ್ನು ಕಿಟಕಿಯಿಂದ ಕದ್ದು ನೋಡುತ್ತಿದ್ದೆ. ಬಾವಿಯ ಹತ್ತಿರ ಯಾರೋ "ಗಂಗವ್ವನ ಸಂಪಗಿ" ಎಂದಾಗ ಕೊಡ ಕುಕ್ಕಿ, "ನನ್ನದು" ಎಂದುಬಿಟ್ಟೆ. ಗಂಗವ್ವ ನಕ್ಕು, ಅಂದಿನ ಹೂವನ್ನೆಲ್ಲ ನನ್ನ ಮಡಿಲಿಗೆ ಹಾಕಿದರು. ಮುಡಿದರೂ ಉರಿ ಆರಲಿಲ್ಲ.

ಈಗ ಮೈಸೂರಿಗೇ ವರ್ಗವಾಗಿದೆ. ಮೂರು ವರ್ಷ ದೇವರಲ್ಲಿ ಬೇಡಿದ್ದು. ಆದರೆ ಮರ ಲಾರಿಗೆ ಏರಬೇಕಾದರೆ ಅರ್ಧಕ್ಕರ್ಧ ಕಡಿಯಬೇಕು. ಕಡಿದರೆ ಉಳಿದೀತೇ ಎಂದು ಗಂಗವ್ವನನ್ನೇ ಕೇಳಿದೆ.

"ಹೇಳಾಕ ಬರೂದಿಲ್ರಿ."

ನಾನೇ ಹಿತ್ತಲಲ್ಲಿ ಗುಂಡಿ ತೋಡಿಸಿದೆ. ನಿನ್ನೆ ಸಂಜೆ ಪೀಪಾಯಿ ಒಡೆದು, ಬೇರಿಗೆ ಏಟಾಗದಂತೆ ಮರವನ್ನು ನೆಲಕ್ಕಿಳಿಸಿದೆವು.

"ಚಿಂತಿ ಬಿಡ್ರಿ ಬಾಯಾರ. ಇನ್ನ ಇದು ನಮ್ಮೂರ ಗಿಡ ಆತು," ಎಂದರು ಗಂಗವ್ವ.

"ಹಂಗಾರ ನಾ ಯಾ ಊರಾಕಿರಿ?"

ಮಾತು ಅವರ ಧಾಟಿಯಲ್ಲೇ ನನ್ನ ಬಾಯಿಂದ ಬಿದ್ದಿತ್ತು. ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರಕ್ಕೆ ಇನ್ನೊಂದು ಕೊಡ ನೀರು ಸುರಿದರು. ಮುಂದಿನ ವಾರ ಮೈಸೂರಿಗೆ ಹೊರಡಬೇಕಾದ ನಾನು, ಇಲ್ಲೇ ಉಳಿಯುವ ಮರದ ಮೇಲೆ ಹೊಟ್ಟೆಕಿಚ್ಚುಪಡುತ್ತ ನಿಂತಿದ್ದೆ.