ಡಾಂಬರು ಮೆತ್ತಿದ ಸಮುದ್ರ ಮತ್ತು ಮಬ್ರೂಕಾ

ಕೆರ್ಕೆನ್ನಾ ದ್ವೀಪದಲ್ಲಿ ಬೆಳಕು ಹರಿಯುವ ಹೊತ್ತಿಗೆ ಮಬ್ರೂಕಾ ಮೊಣಕಾಲುದ್ದ ನೀರಿನಲ್ಲಿದ್ದಾರೆ. ಅಲೆ ತಂದೊಗೆದ ಕಡಲಹುಲ್ಲು, ಹರಿದ ಸ್ಪಂಜು, ಖರ್ಜೂರದ ನಾರು ಎಲ್ಲವೂ ಬುಟ್ಟಿಗೆ ಬೀಳುತ್ತವೆ. ಹಡಗುಗಳು ಚೆಲ್ಲಿದ ಎಣ್ಣೆ ಗಟ್ಟಿಯಾಗಿ ತೇಲಿಬರುವ ಡಾಂಬರು ಮೆತ್ತಿದ ಹುಲ್ಲಿಗೆ ಬೇರೆಯೇ ಚೀಲ.

“ಇದು ನನ್ನ ಕಪ್ಪು ಬಣ್ಣ. ಕೊಳ್ಳೋ ಗೊಡವೆ ಇಲ್ಲ, ಹಡಗಿನೋರೇ ಮನೆಬಾಗಿಲಿಗೆ ತಂದು ಸುರೀತಾರೆ,” ಎಂದು ನನ್ನತ್ತ ತಿರುಗಿ ನಗುತ್ತಾರೆ.

ಚಿತ್ರಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯ ಜೊತೆ ಬುಟ್ಟಿ ಹೆಣೆಯುತ್ತ ಬೆಳೆದವರು. ಹುಲ್ಲನ್ನು ಬಾವಿನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಮಾಳಿಗೆಯ ಮೇಲೆ ಒಣಗಿಸುತ್ತಾರೆ. ಗಂಡ ಜಿಲಾನಿಯ ದೋಣಿಯ ಹಳೆಯ ಹಾಯಿಬಟ್ಟೆಗೆ ಅದನ್ನು ಹಿಟ್ಟಿನ ಅಂಟಿನಿಂದ ಕೂರಿಸುತ್ತಾರೆ. ಕೆಮ್ಮಣ್ಣು, ದಾಳಿಂಬೆ ಸಿಪ್ಪೆಯ ಹಳದಿ, ಅಂಗಡಿಯ ನೀಲಿ ಆಮೇಲೆ ಬರುತ್ತವೆ. ಚಿತ್ರದ ತೀರದುದ್ದಕ್ಕೂ ಡಾಂಬರಿನ ಗೆರೆ ಮಾತ್ರ ತಪ್ಪುವುದಿಲ್ಲ.

ಕಳೆದ ವಸಂತದಲ್ಲಿ ತೀರದ ಹೋಟೆಲಿನವರು ಗೋಡೆಯಗಲದ ಚಿತ್ರ ಕೇಳಿದರು. ಮುಗಿದ ಮೇಲೆ ನೋಡಲು ಬಂದ ಮ್ಯಾನೇಜರ್ ಮುಖ ಸಿಂಡರಿಸಿದ.

“ಈ ಕಪ್ಪು ಕಿತ್ತುಬಿಡಿ ಅಕ್ಕಾ. ನಮ್ಮ ಅತಿಥಿಗಳು ಬರೋದು ಸಮುದ್ರ ನೋಡೋಕೆ.”

“ಇದು ಸಮುದ್ರ ಅಲ್ದೆ ಇನ್ನೇನು?”

“ಮೇಲೊಂದು ಕೈ ನೀಲಿಯಾದ್ರೂ ಹೊಡೀರಿ.”

“ನೀಲಿ ನಿಮ್ಮ ಗೋಡೆಗೆ ಹೊಡ್ಕೊಳ್ಳಿ. ನನ್ನ ಸಮುದ್ರಕ್ಕೆ ಬೇಡ.”

ಮಾತು ಅಲ್ಲಿಗೆ ನಿಲ್ಲಲಿಲ್ಲ. ಜಿಲಾನಿ ಹಿಡಿದ ಆಕ್ಟೋಪಸ್ಸನ್ನು ಆ ಹೋಟೆಲು ಕೊಳ್ಳುವುದನ್ನೇ ಬಿಟ್ಟಿತು. “ನನ್ನ ಹಾಯಿ ಮೀನು ತರ್ತಿತ್ತು, ನಿನ್ನ ಕೈಗೆ ಬಂದು ಜಗಳ ತಂತು,” ಎಂದು ಆತ ರೇಗಿದರು. ನೆರೆಯವರೂ ಬುದ್ಧಿ ಹೇಳಿದರು. ಮಬ್ರೂಕಾ ಚಿತ್ರದ ಒಂದೆಳೆಯನ್ನೂ ಕೀಳಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಜಿಲಾನಿ ಬಲೆಯನ್ನು ಎಳೆದು ತಂದು ಅಂಗಳದಲ್ಲಿ ಒಗೆದರು. ಇಡೀ ಬಲೆ ಡಾಂಬರಿನಲ್ಲಿ ಅದ್ದಿ ತೆಗೆದಂತಿತ್ತು. ಆತ ಅದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಒಂದು ಗಂಟನ್ನು ಉಜ್ಜಿ ನೋಡಿದರು; ಕಪ್ಪು ಬಿಡಲಿಲ್ಲ. ಆಮೇಲೆ ಹೇಳಿದರು: “ತಗೋ, ಇದನ್ನೂ ಅಂಟಿಸು.”

ಹೋಟೆಲು ಕೊಳ್ಳದೆ ಬಿಟ್ಟ ಚಿತ್ರಕ್ಕೇ ಮಬ್ರೂಕಾ ಬಲೆಯನ್ನೂ ಅಂಟಿಸಿದರು. ಆ ಚಿತ್ರವನ್ನು ಮೀನುಗಾರರೇ ಹೊತ್ತೊಯ್ದು ಮೀನುಪೇಟೆಯ ಗೋಡೆಗೆ ತೂಗುಹಾಕಿದ್ದಾರೆ. ಹೋಟೆಲಿನ ಅಡುಗೆಯವರು ಈಗಲೂ ಮೀನಿಗೆ ಅಲ್ಲಿಗೇ ಬರಬೇಕು, ಅದರ ಮುಂದೆಯೇ ನಿಂತು ಚೌಕಾಸಿ ಮಾಡಬೇಕು.

ನಿಮಗೇನು ಆಸೆ ಎಂದು ಕೇಳಿದೆ. ಮಬ್ರೂಕಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡರು.

“ಒಂದು ವರ್ಷ ತೀರವೆಲ್ಲ ಹುಡುಕಿದ್ರೂ ಕಪ್ಪು ಸಿಗಬಾರ್ದು, ಚಿತ್ರ ಅರ್ಧಕ್ಕೇ ನಿಂತುಬಿಡ್ಬೇಕು. ಅಲ್ಲೀವರೆಗೂ ಅಂಟಿಸ್ತಾನೇ ಇರ್ತೀನಿ.”